ಬಜೆಟ್‌ನಲ್ಲಿ ಅನುದಾನ ಇದೆ, ಬಿಲ್ಲಿಗೆ ದುಡ್ಡಿಲ್ಲ: ಬಾಕಿ ಬಿಲ್ಲುಗಳು ಹುಟ್ಟುವ ಬಗೆ

ರಸ್ತೆ ಮುಗಿದು ಎರಡು ಮಳೆಗಾಲ ಕಳೆದಿರುತ್ತದೆ. ಕಿರಿಯ ಎಂಜಿನಿಯರ್ (ಜೆಇ) ಅಳತೆ ಪುಸ್ತಕ ಬರೆದಿದ್ದಾರೆ, ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ) ಪರಿಶೀಲಿಸಿದ್ದಾರೆ, ಕಾರ್ಯಪಾಲಕ ಎಂಜಿನಿಯರ್ (ಇಇ) ಸಹಿಯೂ ಬಿದ್ದಿದೆ. ಗುತ್ತಿಗೆದಾರನ ಖಾತೆಗೆ ಮಾತ್ರ ಹಣ ಬಂದಿಲ್ಲ. ಕಚೇರಿಯಲ್ಲಿ ವಿಚಾರಿಸಿದರೆ ‘ಎಲ್‌ಒಸಿ ಬಂದಿಲ್ಲ’ ಎನ್ನುತ್ತಾರೆ, ಅಂದರೆ ಬಿಲ್ಲು ಪಾವತಿಸಲು ಹಣಕಾಸು ಇಲಾಖೆ ಕೊಡುವ ಬಿಡುಗಡೆ ಪತ್ರ. ಬಜೆಟ್ ಪುಸ್ತಕ ತೆರೆದು ನೋಡಿದರೆ ಅದೇ ಲೆಕ್ಕ ಶೀರ್ಷಿಕೆಯಲ್ಲಿ, ಅಂದರೆ ಆ ಬಗೆಯ ಖರ್ಚಿಗೆಂದು ಇಟ್ಟ ಸಾಲಿನಲ್ಲಿ, ನೂರಾರು ಕೋಟಿ ರೂಪಾಯಿ ಕಾಣುತ್ತದೆ. ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ಅನ್ನಿಸುವುದು ಸಹಜ. ಆದರೆ ಎರಡೂ ನಿಜವೇ. ರಾಜ್ಯದಲ್ಲಿ ಇಂಥ ಬಾಕಿ 30 ಸಾವಿರ ಕೋಟಿಗೂ ಹೆಚ್ಚಿದೆ ಎಂದು ಗುತ್ತಿಗೆದಾರರ ಸಂಘ 2025ರಲ್ಲಿ ಹೇಳಿಕೊಂಡಿತ್ತು. ಆ ಸಂಖ್ಯೆಯನ್ನು ಒಪ್ಪಲಿ ಬಿಡಲಿ, ಬಾಕಿ ಹೇಗೆ ಬೆಳೆಯುತ್ತದೆ ಎಂಬುದು ಗುಟ್ಟೇನಲ್ಲ. ಕಾಗದಗಳ ಮೇಲೇ ಇದೆ.

ಮೊದಲು ಬಜೆಟ್ ಎಂದರೆ ಏನು ಎಂಬುದನ್ನು ನೋಡೋಣ. ಸಂವಿಧಾನದ 202ನೇ ವಿಧಿಯ ಪ್ರಕಾರ ಸರ್ಕಾರ ವಾರ್ಷಿಕ ಹಣಕಾಸು ವಿವರವನ್ನು ಶಾಸನಸಭೆಯ ಮುಂದೆ ಇಡುತ್ತದೆ. 203ನೇ ವಿಧಿಯಡಿ ಇಲಾಖಾವಾರು ಬೇಡಿಕೆಗಳಿಗೆ ವಿಧಾನಸಭೆ ಒಪ್ಪಿಗೆ ಕೊಡುತ್ತದೆ. 204ರ ಪ್ರಕಾರ ಧನವಿನಿಯೋಗ ಕಾಯ್ದೆ ಆದಮೇಲೆ ಸರ್ಕಾರದ ಮುಖ್ಯ ಬೊಕ್ಕಸವಾದ ಸಂಚಿತ ನಿಧಿಯಿಂದ ಹಣ ತೆಗೆಯಲು ಅನುಮತಿ ಸಿಗುತ್ತದೆ. ಇಲ್ಲಿ ಸಿಗುವುದು ಅನುಮತಿ. ‘ಈ ಕೆಲಸಕ್ಕೆ ಈ ವರ್ಷ ಇಷ್ಟರವರೆಗೆ ಖರ್ಚು ಮಾಡಬಹುದು’ ಎಂಬ ಮಿತಿಯದು. ಅಷ್ಟು ಹಣ ಬಂದೇ ಬರುತ್ತದೆ ಎಂಬ ಖಾತರಿ ಅದರಲ್ಲಿಲ್ಲ. ಆ ಅನುಮತಿಗೆ ಆಯುಷ್ಯವೂ ಕಡಿಮೆ, ಮಾರ್ಚ್ 31ರ ರಾತ್ರಿಗೆ ಮುಗಿಯುತ್ತದೆ. ಬಳಸದೆ ಉಳಿದ ಅನುದಾನ ರದ್ದಾಗುತ್ತದೆ. ಗುತ್ತಿಗೆದಾರನಿಗೆ ಕೊಡಬೇಕಾದ ಬಾಕಿ ಮಾತ್ರ ರದ್ದಾಗುವುದಿಲ್ಲ. ಅದು ಏಪ್ರಿಲ್ 1ರಂದು ಹೊಸ ವರ್ಷದ ಅನುದಾನದ ಹೆಗಲೇರುತ್ತದೆ.

2025-26ರ ಕರ್ನಾಟಕ ಬಜೆಟ್‌ನ ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ರಾಜಸ್ವ ವೆಚ್ಚ 3,11,739 ಕೋಟಿ, ಬಂಡವಾಳ ವೆಚ್ಚ 71,336 ಕೋಟಿ, ಹಳೆಯ ಸಾಲದ ಅಸಲು ಮರುಪಾವತಿ 26,474 ಕೋಟಿ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳೆಲ್ಲ ರಾಜಸ್ವ ವೆಚ್ಚದಲ್ಲಿ ಬರುತ್ತವೆ. ಗ್ಯಾರಂಟಿ ಯೋಜನೆಗಳಿಗೆ ಇಟ್ಟ 51,034 ಕೋಟಿಯೂ ಅಲ್ಲಿದೆ. ಅಂದಾಜಿಸಿದ ರಾಜಸ್ವ ಸ್ವೀಕೃತಿ 2,92,477 ಕೋಟಿ. ಅಂದರೆ ದೈನಂದಿನ ಖರ್ಚಿಗೇ 19,262 ಕೋಟಿ ಕಡಿಮೆ ಬೀಳುತ್ತದೆ. ಹಾಗಾಗಿ ಹೊಸ ರಸ್ತೆ, ಸೇತುವೆ, ನಾಲೆಗಳಿಗೆ ಬರುವ ದುಡ್ಡು ಬಹುಪಾಲು ಸಾಲದ್ದು. ತೆರಿಗೆ ಅಂದಾಜಿಗಿಂತ ಕಡಿಮೆ ಬಂದರೆ ಸಂಬಳ ನಿಲ್ಲಿಸಲಾಗದು, ಬಡ್ಡಿ ನಿಲ್ಲಿಸಲಾಗದು. ಕತ್ತರಿ ಬೀಳುವುದು ಕಾಮಗಾರಿಯ ಬಿಡುಗಡೆಗೆ.

ಪ್ರತಿ ಖರ್ಚಿಗೂ 15 ಅಂಕಿಯ ಒಂದು ಲೆಕ್ಕ ಶೀರ್ಷಿಕೆ ಇರುತ್ತದೆ. ಮೊದಲ ನಾಲ್ಕು ಅಂಕಿ ಪ್ರಧಾನ ಶೀರ್ಷಿಕೆ. ಅದು 2 ಅಥವಾ 3ರಿಂದ ಶುರುವಾದರೆ ರಾಜಸ್ವ ವೆಚ್ಚ, 4 ಅಥವಾ 5ರಿಂದಾದರೆ ಬಂಡವಾಳ ವೆಚ್ಚ, 6 ಅಥವಾ 7 ಆದರೆ ಬಹುತೇಕ ಸರ್ಕಾರ ಕೊಡುವ ಸಾಲ, 8 ಆದರೆ ಬಹುತೇಕ ಸಾರ್ವಜನಿಕ ಲೆಕ್ಕ, ಅಂದರೆ ಠೇವಣಿಯಂತೆ ಸರ್ಕಾರದ ಬಳಿ ಇರುವ ಹಣ. ರಸ್ತೆಯ ಗುಂಡಿ ಮುಚ್ಚುವುದು 3054ರಲ್ಲಿ, ಹೊಸ ರಸ್ತೆ ಮಾಡುವುದು 5054ರಲ್ಲಿ. ಕೊನೆಯ ಮೂರು ಅಂಕಿ ಖರ್ಚಿನ ಸ್ವರೂಪ ಹೇಳುತ್ತವೆ. 422 ಎಂದಿದ್ದರೆ ಪರಿಶಿಷ್ಟ ಜಾತಿ ಉಪಯೋಜನೆ, 423 ಎಂದಿದ್ದರೆ ಬುಡಕಟ್ಟು ಉಪಯೋಜನೆ. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಬಿಲ್ಲು ಪಾವತಿಯಾಗುವುದು ‘ಲೋಕೋಪಯೋಗಿ ಇಲಾಖೆಯ ದುಡ್ಡಿನಿಂದ’ ಅಲ್ಲ, ಈ ಒಂದು ನಿರ್ದಿಷ್ಟ ಶೀರ್ಷಿಕೆಯಿಂದ. ಪಕ್ಕದ ಶೀರ್ಷಿಕೆಯಲ್ಲಿ ಹಣ ಕೊಳೆಯುತ್ತಿದ್ದರೂ ಮುಟ್ಟುವ ಹಾಗಿಲ್ಲ. ಒಂದೇ ಬೇಡಿಕೆಯೊಳಗೆ ಮರುಹೊಂದಾಣಿಕೆ ಮಾಡಬಹುದು, ಆದರೆ ರಾಜಸ್ವದಿಂದ ಬಂಡವಾಳಕ್ಕೆ ಅಥವಾ ಸದನದ ಮತಕ್ಕೆ ಹಾಕದ ಪ್ರಭೃತ ವೆಚ್ಚದಿಂದ ಮತದಾನಕ್ಕೊಳಪಟ್ಟ ವೆಚ್ಚಕ್ಕೆ ದಾಟಿಸಲಾಗದು. ಅದಕ್ಕೆ ಪೂರಕ ಅಂದಾಜು ಹಿಡಿದು ಸದನಕ್ಕೇ ಹೋಗಬೇಕು.

ಈಗ ಕಾಮಗಾರಿಯ ದಾರಿ ಹಿಡಿಯೋಣ. ಅಂದಾಜುಪಟ್ಟಿ ತಯಾರಾಗುತ್ತದೆ. ಸರ್ಕಾರ ಅಥವಾ ಅಧಿಕಾರ ಪಡೆದ ಅಧಿಕಾರಿ ಆಡಳಿತಾತ್ಮಕ ಅನುಮೋದನೆ ಕೊಡುತ್ತಾರೆ. ಅಂದರೆ ‘ಈ ಕೆಲಸ ಬೇಕು’ ಎಂಬ ಒಪ್ಪಿಗೆ. ಎಂಜಿನಿಯರುಗಳು ತಾಂತ್ರಿಕ ಮಂಜೂರಾತಿ ಕೊಡುತ್ತಾರೆ. ‘ಹೀಗೆ, ಇಷ್ಟಕ್ಕೆ ಮಾಡಬಹುದು’ ಎಂಬುದು ಅದರ ಅರ್ಥ. 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಕರೆಯಲಾಗುತ್ತದೆ, ಕರಾರು ಆಗುತ್ತದೆ, ಕಾರ್ಯಾದೇಶ ಹೊರಡುತ್ತದೆ. ಕೆಲಸ ನಡೆದಂತೆ ಅಳತೆ, ಆಮೇಲೆ ಚಾಲ್ತಿ ಬಿಲ್ಲು, ಕೊನೆಗೆ ಅಂತಿಮ ಬಿಲ್ಲು. ಹಣಕಾಸು ಇಲಾಖೆ ಎಲ್‌ಒಸಿ ಬಿಡುಗಡೆ ಮಾಡಿದಷ್ಟಕ್ಕೆ ವಿಭಾಗ ಬಿಲ್ಲು ಸಲ್ಲಿಸಬಹುದು. ಸರ್ಕಾರದ ಪಾವತಿ ನಡೆಸುವ ಖಜಾನೆ-2 ತಂತ್ರಾಂಶದಲ್ಲಿ ಆ ಶೀರ್ಷಿಕೆಗೆ ಅನುದಾನ ಏರಿರದಿದ್ದರೆ ಬಿಲ್ಲು ಮುಂದೆ ಸರಿಯುವುದೇ ಇಲ್ಲ. ಅಧಿಕಾರಿ ಎಷ್ಟೇ ಮನಸ್ಸು ಮಾಡಲಿ, ಯಂತ್ರ ಒಪ್ಪುವುದಿಲ್ಲ.

ಈ ಸರಪಳಿಯಲ್ಲಿ ಬಿಗಿ ಇರುವುದೆಲ್ಲ ಕೊನೆಯ ಕೊಂಡಿಯಲ್ಲಿ. ಖಜಾನೆ ಒಂದು ರೂಪಾಯಿ ಹೆಚ್ಚು ಬಿಡುವುದಿಲ್ಲ. ಮೊದಲ ಕೊಂಡಿಯಾದ ಅನುಮೋದನೆಯಲ್ಲಿ ಆ ಬಿಗಿ ಇಲ್ಲ. ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಅನುದಾನ ಇವು ಮೂರೂ ಇಲ್ಲದೆ ಕಾಮಗಾರಿ ಶುರುವಾಗಬಾರದು ಎಂದು ಲೋಕೋಪಯೋಗಿ ಸಂಹಿತೆ ಹೇಳುತ್ತದೆ. ಆದರೆ ಅನುದಾನ ಎಂದರೆ ಎಷ್ಟು? ಕಾಮಗಾರಿ ವರ್ಷಗಟ್ಟಲೆ ನಡೆಯುವಂಥದ್ದು ಎಂಬ ನೆಪದಲ್ಲಿ ಮೊದಲ ವರ್ಷ ಶೀರ್ಷಿಕೆಯಲ್ಲಿ ಸಾಂಕೇತಿಕ ಮೊತ್ತ ಇದ್ದರೂ ಷರತ್ತು ಪೂರೈಸಿದ ಹಾಗೆ ಕಾಣಿಸುತ್ತದೆ. 5 ಕೋಟಿಯ ಕೆಲಸಕ್ಕೆ 10 ಲಕ್ಷ ತೋರಿಸಿದರೂ ಕಡತದಲ್ಲಿ ‘ಅನುದಾನ ಲಭ್ಯವಿದೆ’ ಎಂಬ ಸಾಲು ಬರೆಯಬಹುದು. ಉಳಿದ 4 ಕೋಟಿ 90 ಲಕ್ಷದ ಚಿಂತೆ ಮುಂದಿನ ವರ್ಷಗಳದ್ದು, ಬಹುಶಃ ಮುಂದಿನ ಸರ್ಕಾರದ್ದು. ಗುದ್ದಲಿ ಪೂಜೆಗೆ ಮಾತ್ರ ಇವತ್ತೇ ಮುಹೂರ್ತ.

ಒಂದು ಕಲ್ಪಿತ ವಿಭಾಗದ ಲೆಕ್ಕ ಹಾಕಿ ನೋಡಿ. ಒಂದು ಶೀರ್ಷಿಕೆಯಡಿ ವರ್ಷಕ್ಕೆ 20 ಕೋಟಿ ಅನುದಾನ. ಹಿಂದಿನ ಮುಂದುವರಿದ ಕಾಮಗಾರಿಗಳಲ್ಲಿ ಇನ್ನೂ 30 ಕೋಟಿಯ ಕೆಲಸ ಉಳಿದಿದೆ. ಶಾಸಕರ ಒತ್ತಡಕ್ಕೋ ಚುನಾವಣೆಯ ಮುನ್ನಾ ವರ್ಷದ ಉಮೇದಿಗೋ 50 ಕೋಟಿಯ ಹೊಸ ಕಾಮಗಾರಿಗಳಿಗೆ ಅನುಮೋದನೆ ಸಿಕ್ಕಿತು. ಕೈಯಲ್ಲಿರುವ ಹೊರೆ 80 ಕೋಟಿ, ಅಂದರೆ ನಾಲ್ಕು ವರ್ಷದ ಅನುದಾನ. ಕರಾರಿನಲ್ಲಿ ಮಳೆಗಾಲ ಬಿಟ್ಟು 9 ಅಥವಾ 11 ತಿಂಗಳಲ್ಲಿ ಕೆಲಸ ಮುಗಿಸಬೇಕು ಎಂದಿರುತ್ತದೆ. ಗುತ್ತಿಗೆದಾರರೆಲ್ಲ ಮಾತಿಗೆ ತಪ್ಪದೆ ಮುಗಿಸಿಬಿಟ್ಟರೆ ವರ್ಷದ ಕೊನೆಗೆ 80 ಕೋಟಿಯ ಬಿಲ್ಲು, 20 ಕೋಟಿಯ ದುಡ್ಡು, 60 ಕೋಟಿ ಬಾಕಿ. ಮರುವರ್ಷ ಅನುದಾನ ಶೇ 10ರಷ್ಟು ಏರಿ 22 ಕೋಟಿ ಆಯಿತೆನ್ನಿ. ಅಷ್ಟನ್ನೂ ಹಳೆಯ ಬಾಕಿಗೇ ಸುರಿದರೂ 38 ಕೋಟಿ ಉಳಿಯುತ್ತದೆ. ಆ ವರ್ಷ ಒಂದೂ ಹೊಸ ಕೆಲಸ ಬೇಡ ಎಂದು ಕ್ಷೇತ್ರದಲ್ಲಿ ಹೇಳಬಲ್ಲ ಜನಪ್ರತಿನಿಧಿ ಅಪರೂಪ. 30 ಕೋಟಿಯ ಹೊಸ ಕಾಮಗಾರಿ ಸೇರಿ ಅದೂ ಮುಗಿದರೆ ಬಾಕಿ 68 ಕೋಟಿ. ಅನುದಾನ ಹೆಚ್ಚಾಯಿತು, ಬಾಕಿಯೂ ಹೆಚ್ಚಾಯಿತು. ಈ ಲೆಕ್ಕದಲ್ಲಿ ಎಲ್ಲೂ ಲಂಚ ಇಲ್ಲ, ಕಳಪೆ ಕೆಲಸ ಇಲ್ಲ, ಸೋಮಾರಿ ಅಧಿಕಾರಿಯೂ ಇಲ್ಲ ಎಂಬುದನ್ನು ಗಮನಿಸಬೇಕು. ಅವೆಲ್ಲ ಸೇರಿದರೆ ಇನ್ನೂ ಕೆಡುತ್ತದೆ, ಆದರೆ ಅವಿಲ್ಲದೆಯೂ ಕೆಡುತ್ತದೆ.

ಇಷ್ಟು ದೊಡ್ಡ ಬಾಕಿ ಬಜೆಟ್ ಪುಸ್ತಕದಲ್ಲಿ ಏಕೆ ಕಾಣುವುದಿಲ್ಲ? ನನ್ನ ಮಟ್ಟಿಗೆ ಇಡೀ ವಿಷಯದ ಮರ್ಮ ಇಲ್ಲೇ ಇದೆ. ನಮ್ಮ ಸರ್ಕಾರಿ ಲೆಕ್ಕ ನಗದು ಆಧಾರಿತ. ಖಜಾನೆಯಿಂದ ಹಣ ಹೊರಟ ದಿನ ಮಾತ್ರ ಅದು ವೆಚ್ಚ. ಕೆಲಸ ಮುಗಿದು ಬಿಲ್ಲು ಮೇಜಿನ ಮೇಲೆ ಕೂತಿದ್ದರೆ ಅದು ವೆಚ್ಚವೂ ಅಲ್ಲ, ಸಾಲವೂ ಅಲ್ಲ. ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಎಷ್ಟು ಬರೆದಿದ್ದರೂ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅದು ಕಾಣದಲ್ಲ, ಹಾಗೆ. ಖಾಸಗಿ ಕಂಪನಿಯಾದರೆ ಕೊಡಬೇಕಾದ ಬಾಕಿಯನ್ನು ಆಸ್ತಿ-ಹೊಣೆ ಪಟ್ಟಿಯಲ್ಲಿ ತೋರಿಸಲೇಬೇಕಾಗುತ್ತದೆ.

ಇದರ ಜೊತೆಗೆ 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ಇಟ್ಟು ನೋಡಿ. ಇಂಥ ಕಾಯ್ದೆ ತಂದ ಮೊದಲ ರಾಜ್ಯ ನಮ್ಮದು. ವಿತ್ತೀಯ ಕೊರತೆ ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 3ರೊಳಗೆ, ಒಟ್ಟು ಹೊಣೆಗಾರಿಕೆ ಶೇ 25ರೊಳಗೆ ಇರಬೇಕು ಎಂಬುದು ಅದರ ಮುಖ್ಯ ಕಟ್ಟುಪಾಡು. 2025-26ರ ಬಜೆಟ್ ಅಂದಾಜಿನಲ್ಲಿ ವಿತ್ತೀಯ ಕೊರತೆ 90,428 ಕೋಟಿ, ಅಂದರೆ ಶೇ 2.95. ಹೊಣೆಗಾರಿಕೆ 7,64,655 ಕೋಟಿ, ಶೇ 24.91. ಎರಡೂ ಅಂಚಿನಲ್ಲಿವೆ. ಈ ಶೇಕಡಾವಾರುಗಳಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ರಾಜ್ಯದ ಉತ್ಪನ್ನ ಸುಮಾರು 30.7 ಲಕ್ಷ ಕೋಟಿ. ಶೇ 3ರ ಗೆರೆ ಮುಟ್ಟಲು ಉಳಿದ ಜಾಗ 1,600 ಕೋಟಿಯ ಆಸುಪಾಸು. ಗುತ್ತಿಗೆದಾರರು ಹೇಳುವ 30 ಸಾವಿರ ಕೋಟಿಯನ್ನು ಸಾಲ ಮಾಡಿ ಒಂದೇ ವರ್ಷದಲ್ಲಿ ತೀರಿಸಿದರೆ ಕೊರತೆ ಉತ್ಪನ್ನದ ಶೇ 1ರಷ್ಟು ಏರಿ ಶೇ 3.9ರ ಹತ್ತಿರ ಹೋಗುತ್ತದೆ. ಕಾಯ್ದೆ ಮುರಿಯುತ್ತದೆ. ಮೇಲಾಗಿ 293(3)ನೇ ವಿಧಿಯ ಪ್ರಕಾರ ಕೇಂದ್ರದ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲ ಎತ್ತಲು ಕೇಂದ್ರದ ಒಪ್ಪಿಗೆ ಬೇಕು, ಆ ಒಪ್ಪಿಗೆ ಸುಲಭವಾಗಿ ಸಿಗದು. ಬಿಲ್ಲು ತಡೆಹಿಡಿದರೆ ಇದಾವುದರ ತಲೆನೋವೂ ಇಲ್ಲ. ಬ್ಯಾಂಕಿನಿಂದಲೋ ಮಾರುಕಟ್ಟೆಯಿಂದಲೋ ಎತ್ತುವ ಸಾಲಕ್ಕೆ ಮಿತಿ ಇದೆ, ಗುತ್ತಿಗೆದಾರನಿಂದ ಎತ್ತುವ ಸಾಲಕ್ಕೆ ಮಿತಿ ಇಲ್ಲ. ಕಾಗದದ ಮೇಲೆ ಶಿಸ್ತು ಉಳಿಯುತ್ತದೆ, ಉದ್ದರಿ ಬೆಳೆಯುತ್ತದೆ. ಪಕ್ಷ ಯಾವುದೇ ಇರಲಿ, ಹಣಕಾಸು ಇಲಾಖೆಗೆ ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ.

ಬಿಡುಗಡೆ ತಡವಾಗುವುದಕ್ಕೆ ಇನ್ನೊಂದು ಸಣ್ಣ ಕಾರಣ ನಗದಿನ ಹರಿವು. ಕೇಂದ್ರದ ತೆರಿಗೆ ಪಾಲಿನ ಕಂತು ಬರುವುದು ತಿಂಗಳ 10ರ ಸುಮಾರಿಗೆ, ಜಿಎಸ್‌ಟಿಯ ದೊಡ್ಡ ಭಾಗ 20ರ ಹೊತ್ತಿಗೆ. ತಿಂಗಳ ಕೊನೆಗೆ ಸಂಬಳ-ಪಿಂಚಣಿ ಹೊರಡಬೇಕು. ಮಾರುಕಟ್ಟೆ ಸಾಲವನ್ನು ರಿಸರ್ವ್ ಬ್ಯಾಂಕ್ ಮಂಗಳವಾರಗಳ ಹರಾಜಿನಲ್ಲಿ ಎತ್ತಿಕೊಡುತ್ತದೆ. ಕರ್ನಾಟಕ ತನ್ನ ಸಾಲದ ದೊಡ್ಡ ಪಾಲನ್ನು ವರ್ಷದ ಉತ್ತರಾರ್ಧದಲ್ಲಿ ಎತ್ತುವುದು ವಾಡಿಕೆ. ಹಾಗಾಗಿ ಜೂನ್-ಜುಲೈಯಲ್ಲಿ ಕಾಮಗಾರಿ ಬಿಲ್ಲಿಗೆ ಹನಿ ಹನಿ, ಫೆಬ್ರುವರಿ-ಮಾರ್ಚ್‌ನಲ್ಲಿ ಒಮ್ಮೆಲೇ ಹೊಳೆ.

ಆ ಮಾರ್ಚ್ ಹೊಳೆಯ ಕಥೆ ಬೇರೆಯೇ. ವರ್ಷವಿಡೀ ಬಾರದ ಹಣ ಕೊನೆಯ ವಾರದಲ್ಲಿ ಬಿಡುಗಡೆಯಾಗುತ್ತದೆ. 31ರೊಳಗೆ ಖರ್ಚಾಗದಿದ್ದರೆ ರದ್ದು, ಜೊತೆಗೆ ಮುಂದಿನ ವರ್ಷ ‘ನಿಮಗೆ ಖರ್ಚು ಮಾಡಲು ಬರುವುದಿಲ್ಲ’ ಎಂಬ ಮಾತು ಬೇರೆ. ಆಗ ಮೂರು ಬಗೆಯ ಜಾಣತನ ನಡೆಯುತ್ತದೆ. ಒಂದು, ಹಣವನ್ನು ಅನುಷ್ಠಾನ ಸಂಸ್ಥೆಯ ಖಾತೆಗೆ ಮುಂಗಡವಾಗಿ ವರ್ಗಾಯಿಸುವುದು. ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ ಇದ್ದರೆ ಟೆಂಡರ್ ಗೊಡವೆಯೂ ಇಲ್ಲ. ಸರ್ಕಾರದ ಲೆಕ್ಕದಲ್ಲಿ ವೆಚ್ಚ ಆಗಿಹೋಯಿತು, ನೆಲದ ಮೇಲೆ ಒಂದು ಕಲ್ಲೂ ಇಟ್ಟಿಲ್ಲ. ಎರಡು, ಪಿ.ಡಿ. ಖಾತೆಗೆ, ಅಂದರೆ ಅಧಿಕಾರಿಯ ಹುದ್ದೆಯ ಹೆಸರಿನ ಠೇವಣಿ ಖಾತೆಗೆ ಹಾಕುವುದು. ಸಂಚಿತ ನಿಧಿಯಿಂದ 8443 ಎಂಬ ಠೇವಣಿ ಶೀರ್ಷಿಕೆಗೆ ದಾಟಿದ ಹಣ ಮಾರ್ಚ್ 31ಕ್ಕೆ ರದ್ದಾಗುವ ಅಪಾಯದಿಂದ ತಪ್ಪಿಸಿಕೊಳ್ಳುತ್ತದೆ. ಮೂರು, ಎಸಿ ಬಿಲ್ಲಿನಲ್ಲಿ, ಅಂದರೆ ವಿವರ ಆಮೇಲೆ ಕೊಡುವ ಸಂಕ್ಷಿಪ್ತ ಬಿಲ್ಲಿನಲ್ಲಿ, ಮುಂಗಡ ಎತ್ತುವುದು. ಅದಕ್ಕೆ ಮುಂದಿನ ತಿಂಗಳ 15ರೊಳಗೆ ವೋಚರುಗಳ ಸಮೇತ ಎನ್‌ಡಿಸಿ ಎಂಬ ವಿವರವಾದ ಬಿಲ್ಲು ಕೊಡಬೇಕು, ಅದು ಎಷ್ಟೋ ಬಾರಿ ವರ್ಷಗಟ್ಟಲೆ ಬರುವುದಿಲ್ಲ. ಮಾರ್ಚ್ ತಿಂಗಳ ವೆಚ್ಚದ ದಟ್ಟಣೆ, ಪಿ.ಡಿ. ಖಾತೆಯ ಉಳಿಕೆ, ಬಾರದ ಎನ್‌ಡಿಸಿ ಬಿಲ್ಲು, ಬೇಡವಾದ ಪೂರಕ ಅನುದಾನ ಇವುಗಳನ್ನು ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ ವರದಿಗಳು ಮತ್ತೆ ಮತ್ತೆ ಎತ್ತಿ ತೋರಿಸುತ್ತಲೇ ಇವೆ. ವಿಚಿತ್ರವೆಂದರೆ ಒಂದು ಶೀರ್ಷಿಕೆಯಲ್ಲಿ ಮುಗಿದ ಕೆಲಸಕ್ಕೆ ದುಡ್ಡಿಲ್ಲದಿರುವ ದಿನವೇ ಇನ್ನೊಂದು ಶೀರ್ಷಿಕೆಯಲ್ಲಿ ಶುರುವಾಗದ ಕೆಲಸಕ್ಕೆ ದುಡ್ಡು ಹೋಗಿ ಕೂರುತ್ತದೆ.

ಬಾಕಿಯ ಬೆಲೆ ಕಟ್ಟುವವರು ಕೊನೆಗೆ ಯಾರು? ದರಪಟ್ಟಿಯ ವಿಶ್ಲೇಷಣೆಯಲ್ಲಿ ಗುತ್ತಿಗೆದಾರನ ಲಾಭವೆಂದು ಸಾಮಾನ್ಯವಾಗಿ ಹಿಡಿಯುವುದು ಶೇ 10. ಸಾಲ ತಂದು ಕೆಲಸ ಮಾಡಿದವನು ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿ ಕಟ್ಟುತ್ತಿದ್ದರೆ ಆ ಲಾಭ ಏಳು ತಿಂಗಳೊಳಗೆ ಕರಗುತ್ತದೆ. ಎರಡು ವರ್ಷ ತಡವಾದರೆ ಬಡ್ಡಿಯೇ ಶೇ 36. ಪಾವತಿಯಾಗುವಾಗಲೂ ಪೂರ್ತಿ ಕೈಗೆ ಬರುವುದಿಲ್ಲ: ಆದಾಯ ತೆರಿಗೆ ಟಿಡಿಎಸ್ ವ್ಯಕ್ತಿಯಾದರೆ ಶೇ 1, ಕಂಪನಿಯಾದರೆ ಶೇ 2, ಎರಡೂವರೆ ಲಕ್ಷ ಮೀರಿದ ಕರಾರಿಗೆ ಜಿಎಸ್‌ಟಿ ಟಿಡಿಎಸ್ ಶೇ 2, ಕಾರ್ಮಿಕ ಸೆಸ್ ಶೇ 1, ಜೊತೆಗೆ ರಾಜಧನ, ಭದ್ರತಾ ಠೇವಣಿ. ಜಿಎಸ್‌ಟಿಯದು ಇನ್ನೊಂದು ಪೇಚು. ಇನ್‌ವಾಯ್ಸ್ ಕೊಟ್ಟರೆ ಮುಂದಿನ ತಿಂಗಳ 20ರೊಳಗೆ ತೆರಿಗೆ ಕಟ್ಟಬೇಕು, ಸರ್ಕಾರ ಹಣ ಕೊಟ್ಟಿದೆಯೋ ಇಲ್ಲವೋ ಅಲ್ಲಿ ಲೆಕ್ಕಕ್ಕಿಲ್ಲ. ಅದಕ್ಕೇ ಎಲ್‌ಒಸಿ ಬರುವವರೆಗೆ ಇನ್‌ವಾಯ್ಸ್ ಕೊಡದೆ ಕಾಯುವವರಿದ್ದಾರೆ. ಹೀಗೆ ಬಾಕಿ ತೆರಿಗೆ ಇಲಾಖೆಯ ಕಣ್ಣಿಗೂ ಬೀಳದೆ ಉಳಿಯುತ್ತದೆ.

ಹಣ ಕಡಿಮೆ, ಬಿಲ್ಲು ಹೆಚ್ಚು ಇರುವಲ್ಲಿ ಯಾರಿಗೆ ಮೊದಲು ಕೊಡಬೇಕು ಎಂಬ ಪ್ರಶ್ನೆ ಬರಲೇಬೇಕು. ಜ್ಯೇಷ್ಠತೆಯ ಪ್ರಕಾರ, ಅಂದರೆ ಮೊದಲು ಬಂದ ಬಿಲ್ಲಿಗೆ ಮೊದಲು ಪಾವತಿ ಎನ್ನುವುದು ನ್ಯಾಯ. ಆದರೆ ಬಿಲ್ಲು ‘ಬಂದ’ ದಿನ ಯಾವುದು? ಅಳತೆ ಬರೆದ ದಿನವೋ, ಉಪವಿಭಾಗದಿಂದ ಹೊರಟ ದಿನವೋ, ವಿಭಾಗದ ವಹಿಯಲ್ಲಿ ಏರಿದ ದಿನವೋ? ಈ ಮೂರರ ನಡುವೆ ತಿಂಗಳುಗಳನ್ನೇ ಹುದುಗಿಸಿಡಬಹುದು. ‘ತುರ್ತು’ ಅಥವಾ ‘ವಿಶೇಷ ಎಲ್‌ಒಸಿ’ ಎಂಬ ಹೆಸರಿನಲ್ಲಿ ಸಾಲು ದಾಟಿಸುವ ಅವಕಾಶ ಇರುವವರೆಗೆ ಕಮಿಷನ್ ಮಾತು ನಿಲ್ಲುವುದಿಲ್ಲ. ಕೊರತೆ ಇರುವ ಕಡೆ ಸರತಿಗೆ ಬೆಲೆ ಬರುತ್ತದೆ.

ತಡೆಯುವ ಉಪಾಯ ತಾಂತ್ರಿಕವಾಗಿ ಕಷ್ಟದ್ದಲ್ಲ. ಬಿಲ್ಲು ಬಂದಾಗ ಅಲ್ಲ, ಕಾರ್ಯಾದೇಶ ಹೊರಡುವಾಗಲೇ ಖಜಾನೆ ತಂತ್ರಾಂಶದಲ್ಲಿ ಆ ಮೊತ್ತವನ್ನು ವರ್ಷಾವಾರು ಕಟ್ಟಿಹಾಕಬೇಕು: ಈ ವರ್ಷ 2 ಕೋಟಿ, ಮುಂದಿನ ವರ್ಷ 3 ಕೋಟಿ ಎಂದು. ಶೀರ್ಷಿಕೆಯ ಮುಂದಿನ ಎರಡು ವರ್ಷದ ಅಂದಾಜು ಅನುದಾನ ತುಂಬಿದರೆ ಹೊಸ ಕಾರ್ಯಾದೇಶದ ಸಂಖ್ಯೆಯೇ ಹುಟ್ಟಬಾರದು. ಇಂಥ ಬೀಗ ಹಾಕಿದರೂ ಸೋರಿಕೆ ಇರುತ್ತದೆ. ಒಂದು ಕಾಮಗಾರಿಯನ್ನು ತುಂಡು ಗುತ್ತಿಗೆಗಳಾಗಿ ಒಡೆದು ಸಣ್ಣ ಮೊತ್ತದಲ್ಲಿ ತೋರಿಸಬಹುದು, ಮೌಖಿಕ ಸೂಚನೆಯ ಮೇಲೆ ಮೊದಲು ಕೆಲಸ ಮಾಡಿಸಿ ಆಮೇಲೆ ಘಟನೋತ್ತರ ಮಂಜೂರಾತಿ ತರಬಹುದು. ಆದರೂ ಬಾಕಿಯ ಬಹುಭಾಗ ಹುಟ್ಟುವುದು ಇಂಥ ಕಳ್ಳದಾರಿಯಲ್ಲಲ್ಲ, ರಾಜಾರೋಷದ ಅನುಮೋದನೆಯಲ್ಲಿ. ಆ ಬಾಗಿಲಿಗೆ ಬೀಗ ಬಿದ್ದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆದಂತೆ.

ನಿಮ್ಮೂರ ಕಾಮಗಾರಿಯ ಸ್ಥಿತಿ ತಿಳಿಯಬೇಕೆ? ಕಾರ್ಯಾದೇಶದಲ್ಲಿ ಲೆಕ್ಕ ಶೀರ್ಷಿಕೆ ಬರೆದಿರುತ್ತದೆ. ಹಣಕಾಸು ಇಲಾಖೆಯ ಜಾಲತಾಣದಲ್ಲಿ ಬೇಡಿಕೆವಾರು ಸಂಪುಟಗಳಿವೆ: ಗ್ರಾಮೀಣಾಭಿವೃದ್ಧಿ 7, ನಗರಾಭಿವೃದ್ಧಿ 19, ಲೋಕೋಪಯೋಗಿ 20, ಜಲಸಂಪನ್ಮೂಲ 21. ಆ ಶೀರ್ಷಿಕೆಯ ಸಾಲಿನಲ್ಲಿ ನಾಲ್ಕು ಅಂಕಣ ಕಾಣುತ್ತವೆ: ಎರಡು ವರ್ಷ ಹಿಂದಿನ ನಿಜವಾದ ಲೆಕ್ಕ, ಹಿಂದಿನ ವರ್ಷದ ಆಯವ್ಯಯ, ಅದರ ಪರಿಷ್ಕೃತ ಅಂದಾಜು, ಈ ವರ್ಷದ ಆಯವ್ಯಯ. ಮೊತ್ತ ಲಕ್ಷ ರೂಪಾಯಿಗಳಲ್ಲಿ ಇರುತ್ತದೆ, ಸೊನ್ನೆ ಎಣಿಸುವಾಗ ಎಡವಬೇಡಿ. ಹೆಚ್ಚಿನವರು ನಾಲ್ಕನೆಯದನ್ನಷ್ಟೇ ನೋಡುತ್ತಾರೆ. ನಂಬಬೇಕಾದ್ದು ಮೊದಲನೆಯದನ್ನು, ಏಕೆಂದರೆ ಖರ್ಚಾಗಿದ್ದು ಅಷ್ಟೇ.

ಆಮೇಲೆ ವಿಭಾಗ ಕಚೇರಿಗೆ ಒಂದು ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಬೇಕು, ಆದ್ದರಿಂದ ಶೀರ್ಷಿಕೆಯ ಸಂಖ್ಯೆ ಬರೆದು ಅದಕ್ಕಷ್ಟೇ ಸೀಮಿತವಾಗಿ ಕೇಳಿ: ಆ ಶೀರ್ಷಿಕೆಯಡಿ ಕಾರ್ಯಾದೇಶವಾಗಿ ಇನ್ನೂ ಪಾವತಿಸಬೇಕಿರುವ ಒಟ್ಟು ಮೊತ್ತ, ಬಾಕಿ ಬಿಲ್ಲು ವಹಿಯ ದಿನಾಂಕವಾರು ಪ್ರತಿ, ಕಳೆದ 12 ತಿಂಗಳಲ್ಲಿ ಬಂದ ಎಲ್‌ಒಸಿ. ಉತ್ತರಕ್ಕೆ 30 ದಿನದ ಗಡುವು. ಮೊದಲ ಮೊತ್ತವನ್ನು ಮೂರನೆಯದರಿಂದ ಭಾಗಿಸಿ. ಭಾಗಲಬ್ಧ ಒಂದರ ಆಸುಪಾಸು ಇದ್ದರೆ ಬಿಲ್ಲುಗಳು ವರ್ಷದೊಳಗೆ ಪಾವತಿಯಾಗುತ್ತಿವೆ ಎಂದರ್ಥ. ಎರಡು ಇದ್ದರೆ ಸರತಿ ಉದ್ದವಾಗಿದೆ. ನಾಲ್ಕು ದಾಟಿದ್ದರೆ, ಆ ಶೀರ್ಷಿಕೆಯಡಿ ಹೊಸ ಟೆಂಡರ್ ಹಾಕುವವನು ಎರಡು-ಮೂರು ವರ್ಷದ ಬಡ್ಡಿಯನ್ನು ತನ್ನ ದರದಲ್ಲೇ ಸೇರಿಸಿರುತ್ತಾನೆ, ಇಲ್ಲವೇ ಡಾಂಬರಿನ ದಪ್ಪದಲ್ಲಿ ಕಳೆದಿರುತ್ತಾನೆ.